ಅಹಮದಾಬಾದನ್ನು ನಡೆದೇ ನೋಡಬೇಕು

ಗುಜರಾತ್ ಪ್ರವಾಸಕ್ಕೆ ಹೋಗುವ ನಮ್ಮ ಕಡೆಯವರು ಅಹಮದಾಬಾದಿನಲ್ಲಿ ಸಾಮಾನ್ಯವಾಗಿ ಸಾಬರಮತಿ ಆಶ್ರಮ ನೋಡಿ, ನದಿ ದಂಡೆಯಲ್ಲಿ ಫೋಟೊ ತೆಗೆಸಿಕೊಂಡು, ರಾತ್ರಿಯ ಗಾಡಿಗೆ ದ್ವಾರಕೆಗೋ ಸೋಮನಾಥಕ್ಕೋ ಹೊರಟುಬಿಡುತ್ತಾರೆ. ಹೊಳೆಯ ಆಚೆ ದಡದ ಹಳೆಯ ಊರು ಅವರ ಕಣ್ಣಿಗೆ ಬೀಳುವುದೇ ಇಲ್ಲ. 1411ರಲ್ಲಿ ಸುಲ್ತಾನ ಅಹಮದ್ ಷಾ ಕಟ್ಟಿಸಿದ ಊರು ಅದು. 2017ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾರತದಲ್ಲಿ ಆ ಮಾನ್ಯತೆ ಪಡೆದ ಮೊದಲ ನಗರ ಅದೇ. ನಕ್ಷೆ ಹಿಡಿದುಕೊಂಡು ಒಬ್ಬರೇ ಒಳಹೊಕ್ಕರೆ ಮಾತ್ರ ಕಾಣಿಸುವುದು ಟ್ರಾಫಿಕ್ಕು, ಸೈನ್ ಬೋರ್ಡು, ಕರೆಂಟಿನ ತಂತಿಗಳ ಗೋಜಲು. ಅಲ್ಲಿ ನೋಡಬೇಕಾದದ್ದೆಲ್ಲ ಗೋಡೆಗಳ ಹಿಂದೆ ಇದೆ. ಬಲ್ಲವರು ಕರೆದುಕೊಂಡು ಹೋಗಬೇಕು.

ಆ ಕೆಲಸವನ್ನು ಅಲ್ಲಿನ ಮಹಾನಗರ ಪಾಲಿಕೆಯೇ 1997ರ ನವೆಂಬರಿನಲ್ಲಿ ಶುರುಮಾಡಿತು. ಬೆಳಗ್ಗೆ ಕಾಲೂಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು ಜಾಮಾ ಮಸೀದಿಯಲ್ಲಿ ಮುಗಿಯುವ, ಸುಮಾರು ಎರಡೂವರೆ ಗಂಟೆಯ ನಡಿಗೆ. ಯುನೆಸ್ಕೊ ಗಮನಿಸುವುದಕ್ಕೂ ಇಪ್ಪತ್ತು ವರ್ಷ ಮೊದಲೇ ಒಂದು ಪಾಲಿಕೆ ತನ್ನ ಗಲ್ಲಿಗಳನ್ನು ಹೆಮ್ಮೆಯಿಂದ ತೋರಿಸಲು ಹೊರಟಿತೆಂಬುದು ನನಗೆ ತುಂಬ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಮಂದಿರ 1822ರದ್ದು. ಬರ್ಮಾ ತೇಗದ ಕಂಬಗಳು, ಬಣ್ಣ ಬಳಿದ ಕೆತ್ತನೆಯ ಬೋದಿಗೆಗಳು. ಅಲ್ಲಿಂದ ರಸ್ತೆ ದಾಟಿ ಒಂದು ಕಮಾನಿನೊಳಗೆ ನುಗ್ಗಿದರೆ ಪೋಳ್ ಶುರು. ಒಂದೇ ಜಾತಿಯ, ಒಂದೇ ಕಸುಬಿನ ಅಥವಾ ಒಂದೇ ಮತದ ಕುಟುಂಬಗಳು ಒತ್ತೊತ್ತಾಗಿ ಮನೆ ಕಟ್ಟಿಕೊಂಡು, ಒಂದು ಹೆಬ್ಬಾಗಿಲಿಟ್ಟು ರಾತ್ರಿ ಮುಚ್ಚಿಕೊಳ್ಳುತ್ತಿದ್ದ ಕೇರಿಗಳಿವು. ಮನೆ ಮುಂದಿನ ಜಗಲಿಗೆ ಇಲ್ಲಿ ಓಟ್ಲೊ ಅನ್ನುತ್ತಾರೆ. ನಾವು ಹೋದಾಗ ಹೆಂಗಸರು ಅದರ ಮೇಲೆ ಕೂತು ಸೊಪ್ಪು ಸೋಸುತ್ತಿದ್ದರು. ಪರಊರಿನವರ ಗುಂಪು ಕಂಡು ಯಾರೂ ಮುಖ ಸಿಂಡರಿಸಲಿಲ್ಲ. ಒಬ್ಬ ಅಜ್ಜಿ ಗೈಡ್ ಹೇಳಿದ್ದರಲ್ಲಿ ಬಿಟ್ಟುಹೋದದ್ದನ್ನು ತಾನೇ ಸೇರಿಸಿದಳು. ಮೂಲೆಗೆ ಹೋಗಿ ನಿಂತು, ಇನ್ನು ಮುಂದೆ ದಾರಿಯಿಲ್ಲ ಅಂದುಕೊಳ್ಳುವಷ್ಟರಲ್ಲಿ ಗೈಡ್ ಒಂದು ಮನೆಯ ಪಕ್ಕದ ಕತ್ತಲೆಯ ಸಂದಿಗೆ ನುಗ್ಗಿದರು, ಹಿಂದೆಯೇ ನಾವು. ಹೊರಬಂದದ್ದು ಬೇರೆಯೇ ಪೋಳಿಗೆ. ಗಲಭೆ, ದಾಳಿಯ ಕಾಲದಲ್ಲಿ ತಪ್ಪಿಸಿಕೊಳ್ಳಲು ಮಾಡಿಕೊಂಡ ಗುಟ್ಟಿನ ಹಾದಿಗಳಂತೆ ಅವು.

ಈ ಮನೆಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೆತ್ತನೆಗಿಂತ ಹೆಚ್ಚಾಗಿ ನೀರಿನ ಏರ್ಪಾಡು. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಕೋಣೆಗಳು. ಅಂಗಳದ ಕಲ್ಲುಹಾಸಿನಲ್ಲಿ ಒಂದು ಸಣ್ಣ ಲೋಹದ ಮುಚ್ಚಳ. ಅದನ್ನೆತ್ತಿ ಬಗ್ಗಿದರೆ ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯುತ್ತದೆ. ಕೆಳಗಿರುವುದು ಟಾಂಕಾ, ಅಂದರೆ ಗಾರೆ ಮಾಡಿದ ದೊಡ್ಡ ನೀರಿನ ತೊಟ್ಟಿ. ಮಳೆಗಾಲದ ಮೊದಲ ಮಳೆಯನ್ನು ತಾರಸಿ ತೊಳೆಯಲು ಬಿಟ್ಟು, ಆಮೇಲಿನ ನೀರನ್ನು ಕೊಳವೆಯಿಂದ ಇಲ್ಲಿಗೆ ಇಳಿಸಿಕೊಳ್ಳುತ್ತಿದ್ದರು. ಬಿಸಿಲು ತಾಕದ ಕಾರಣ ಪಾಚಿ ಕಟ್ಟುವುದಿಲ್ಲ, ನೀರು ಕೆಡುವುದಿಲ್ಲ. ಮುಂದಿನ ಮಳೆಯವರೆಗೆ ಕುಡಿಯಲು ಅದೇ. ಬೇಸಿಗೆಯಲ್ಲಿ ಉರಿದುಹೋಗುವ ಊರಿನಲ್ಲಿ ಮನೆಯ ಅಡಿಯಲ್ಲೇ ಒಂದು ವರ್ಷದ ನೀರು! ಇಟ್ಟಿಗೆ ಗೋಡೆಗಳ ನಡುನಡುವೆ ಮರದ ತೊಲೆ ಹಾಯಿಸಿರುವುದಕ್ಕೂ ಕಾರಣವಿದೆ. ನೆಲ ನಡುಗಿದಾಗ ಮರ ಬಾಗಿ ಅದುರನ್ನು ತಾಳಿಕೊಳ್ಳುತ್ತದೆ.

ಚೌಕಗಳಲ್ಲಿ ಎತ್ತರದ ಕಂಬದ ಮೇಲೆ ಕೆತ್ತನೆಯ ಮಂಟಪದಂಥ ಚಬೂತ್ರೊಗಳಿವೆ. ಗಿಡಮರಕ್ಕೆ ಜಾಗವಿಲ್ಲದ ಕೇರಿಯಲ್ಲಿ ಹಕ್ಕಿಗಳಿಗೆ ಕಾಳು, ನೀರು ಇಡುವ ತಾಣ. ಏಣಿ ಹತ್ತಿ ಕಾಳು ಹಾಕುವ ರೂಢಿ ಇನ್ನೂ ನಿಂತಿಲ್ಲ.

ಲಂಬೇಶ್ವರ ಪೋಳಿನಲ್ಲಿ ಕವಿ ದಲಪತರಾಮ್ (1820–1898) ಕಂಚಿನ ಮೂರ್ತಿಯಾಗಿ ಕೂತಿದ್ದಾರೆ. ಅವರು ಬಾಳಿದ ಮನೆ ಈಗಿಲ್ಲ. ಮುಂಭಾಗವನ್ನಷ್ಟೇ ಮತ್ತೆ ನಿಲ್ಲಿಸಿ, ಜಗಲಿಯ ಮೇಲೆ ಕವಿಯನ್ನು ಕೂರಿಸಿ, ಮನೆಯಿದ್ದ ಜಾಗವನ್ನು ಚೌಕ ಮಾಡಿದ್ದಾರೆ. ಎತ್ತರದ ಪೀಠವಿಲ್ಲ, ಕಬ್ಬಿಣದ ಬೇಲಿಯಿಲ್ಲ. ಅಲೆಕ್ಸಾಂಡರ್ ಫೋರ್ಬ್ಸ್ ಎಂಬ ಬ್ರಿಟಿಷ್ ಅಧಿಕಾರಿಗೆ ಗುಜರಾತಿ ಕಲಿಸಿ, ಆ ನಾಡಿನ ಇತಿಹಾಸದ ಸಾಮಗ್ರಿ ಕಲೆಹಾಕಲು ಅವರೊಡನೆ ಊರೂರು ಅಲೆದ ಕವಿ ಇವರು. ನನಗೆ ಕಿಟೆಲ್ ಅವರ ನಿಘಂಟಿಗೆ ದುಡಿದ ನಮ್ಮ ಪಂಡಿತರು ನೆನಪಾದರು.

ದುಃಖದ ಮಾತನ್ನೂ ಹೇಳಬೇಕು. ಪೋಳಿನ ಎಷ್ಟೋ ಬಾಗಿಲುಗಳಿಗೆ ಬೀಗ ಬಿದ್ದಿದೆ. ಮಕ್ಕಳು ಕಾರು ನಿಲ್ಲಿಸಲು ಜಾಗವಿರುವ ಪಶ್ಚಿಮದ ಬಡಾವಣೆಗಳಿಗೆ ಹೋಗಿದ್ದಾರೆ. ಕೆಲವು ಮನೆಗಳು ಗೋದಾಮುಗಳಾಗಿವೆ, ಕೆಲವುಗಳ ಕೆತ್ತನೆಯ ಕಂಬಗಳು ಹಳೇ ಸಾಮಾನಿನ ವ್ಯಾಪಾರಿಗಳ ಪಾಲಾಗಿವೆ. ಬಿರುದು ಬಂದ ಮಾತ್ರಕ್ಕೆ ಮನೆ ಉಳಿಯುವುದಿಲ್ಲ, ಅದರಲ್ಲಿ ಜನ ಇರಬೇಕು.

ನಡಿಗೆ ಮಾಣೆಕ್ ಚೌಕದ ಮೂಲಕ ಜಾಮಾ ಮಸೀದಿ ಮುಟ್ಟುತ್ತದೆ. 1424ರ ಕಟ್ಟಡ, ಒಳಗೆ 260 ಕಂಬಗಳು. ಕಂಬಗಳ ಕೆತ್ತನೆ ನೋಡಿದರೆ ದೇವಾಲಯ, ಬಸದಿಗಳನ್ನು ಕಟ್ಟಿದ ಕೈಗಳೇ ಇಲ್ಲಿಯೂ ದುಡಿದಿವೆ ಎಂದು ಯಾರೂ ಹೇಳಬೇಕಾಗಿಲ್ಲ. ಅದರ ಎರಡು ಮಿನಾರುಗಳು 1819ರ ಭೂಕಂಪದಲ್ಲಿ ಬಿದ್ದವು.

ನಡಿಗೆ ಮುಗಿದರೂ ನಾವು ಗೈಡ್‌ರನ್ನು ಬಿಡದೆ ಸಿದಿ ಸೈಯದ್ ಮಸೀದಿಗೂ ಕರೆದುಕೊಂಡು ಹೋದೆವು. ಗುಜರಾತಿನ ಸುಲ್ತಾನರ ಆಳ್ವಿಕೆ ಮುಗಿದು ಅಕ್ಬರನ ಸೇನೆ ಊರು ಹಿಡಿದ ಹೊತ್ತಿನಲ್ಲಿ, 1572–73ರಲ್ಲಿ, ಆಫ್ರಿಕಾ ಮೂಲದ ಸರದಾರನೊಬ್ಬ ಕಟ್ಟಿಸಿದ್ದು. ಸುತ್ತ ವಾಹನಗಳ ಪ್ರವಾಹ, ನಡುವೆ ಸಣ್ಣ ಮಸೀದಿ. ಹಿಂಗೋಡೆಯ ಅರ್ಧಚಂದ್ರಾಕಾರದ ಕಲ್ಲಿನ ಜಾಲಂಧ್ರದಲ್ಲಿ ಒಂದು ಮರ; ಅದರ ಕೊಂಬೆಗಳು ಒಂದನ್ನೊಂದು ಬಳಸಿ ಹೆಣೆದುಕೊಂಡಿವೆ. ಹತ್ತಿರ ಹೋಗಿ ನೋಡಿದರೆ ಬಿಡಿಬಿಡಿ ಕಲ್ಲುಗಳನ್ನು ಕೂಡಿಸಿದ ಗೆರೆ ಕಾಣುತ್ತದೆ, ಎರಡು ಹೆಜ್ಜೆ ಹಿಂದೆ ಸರಿದರೆ ಆ ಗೆರೆ ಮಾಯವಾಗಿ ಮರವೊಂದೇ ಉಳಿಯುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿಗಳ ಪೂರ್ವಿಕರೂ ಆಫ್ರಿಕಾದಿಂದಲೇ ಬಂದವರು. ಅವರನ್ನು ಡಮಾಮಿ ಕುಣಿತಕ್ಕಷ್ಟೇ ಕರೆಯುವ ನಾವು ಈ ಕಲ್ಲಿನ ಮುಂದೆ ಒಮ್ಮೆ ನಿಲ್ಲಬೇಕು.

ಆಶ್ರಮವನ್ನು ಇಳಿಹೊತ್ತಿಗೆ ಇಟ್ಟುಕೊಂಡರೆ ಒಳ್ಳೆಯದು. ಗಾಂಧೀಜಿ 1917ರಿಂದ ಇಲ್ಲಿದ್ದರು. ಅವರ ಮನೆ ಹೃದಯಕುಂಜದ ಬರಿದಾದ ಕೋಣೆಗಳಿಗೆ ವಿವರಣೆ ಬೇಕಿಲ್ಲ. 1930ರ ಮಾರ್ಚ್ 12ರಂದು ಇಲ್ಲಿಂದಲೇ ದಂಡಿಯತ್ತ ಹೊರಟವರಲ್ಲಿ ನಮ್ಮ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರೂ ಇದ್ದರು. ಆಗ ಅವರಿಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಕನ್ನಡಿಗರು ಆ ಅಂಗಳದಲ್ಲಿ ಅವರ ಹೆಸರನ್ನು ಮಕ್ಕಳಿಗೆ ಹೇಳದೆ ಹೊರಬರಬಾರದು.

ರಾತ್ರಿ ಮತ್ತೆ ಮಾಣೆಕ್ ಚೌಕಕ್ಕೆ ಬನ್ನಿ. ಹಗಲು ಚಿನ್ನಬೆಳ್ಳಿಯ ವ್ಯಾಪಾರ ನಡೆದ ಜಾಗವೇ ಅಂಗಡಿ ಮುಚ್ಚಿದ ಮೇಲೆ ತಿಂಡಿಗಾಡಿಗಳಿಂದ ತುಂಬಿಹೋಗುತ್ತದೆ. ಪಾವ್ ಭಾಜಿ ತಿನ್ನಿ. ದೋಸೆ ನಮ್ಮಲ್ಲೇ ಚೆನ್ನ. ಕ್ಯಾಲಿಕೊ ಬಟ್ಟೆಗಳ ವಸ್ತುಸಂಗ್ರಹಾಲಯ ನೋಡುವವರು ಇನ್ನೊಂದು ಬೆಳಗನ್ನೇ ಎತ್ತಿಡಬೇಕು. ಅಲ್ಲಿ ಮುಂಚಿತವಾಗಿ ಹೆಸರು ಕೊಟ್ಟವರಿಗಷ್ಟೇ, ಅದೂ ಗೈಡ್ ಜೊತೆಯಲ್ಲೇ ಪ್ರವೇಶ. ನವೆಂಬರಿನಿಂದ ಫೆಬ್ರುವರಿವರೆಗೆ ಹವೆ ಹಿತವಾಗಿರುತ್ತದೆ. ಮಂದಿರ, ಮಸೀದಿಗಳಲ್ಲಿ ಪದೇ ಪದೇ ಬಿಚ್ಚಿ ಹಾಕಬೇಕಾದ್ದರಿಂದ ಚಪ್ಪಲಿಯೇ ಸಾಕು.

ಇನ್ನು ನಮ್ಮ ನಗರಪಾಲಿಕೆಗಳಿಗೊಂದು ಮಾತು. ಬೀದರಿನ ನೆಲದಡಿಯ ಕರೇಜ್ ಕಾಲುವೆ, ವಿಜಯಪುರದ ಬಾವಡಿಗಳು ಮತ್ತು ಬೀದಿ ನಡುವಿನ ನೀರಿನ ಗಂಜ್‌ಗಳು, ಮೈಸೂರಿನ ದೇವರಾಜ ಮಾರುಕಟ್ಟೆ, ಇವನ್ನೆಲ್ಲ ಹೀಗೆಯೇ ನಡೆಸಿಕೊಂಡು ತೋರಿಸಬಹುದು. ಅದಕ್ಕೆ ಕೋಟಿಗಟ್ಟಲೆ ಯೋಜನೆ ಬೇಡ. ಆ ಕೇರಿಗಳಲ್ಲೇ ಬೆಳೆದ ಹತ್ತು ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು, ವರ್ಷವಿಡೀ ತಪ್ಪದೆ ನಡೆಯುವ ಒಂದು ಬೆಳಗಿನ ನಡಿಗೆಯನ್ನು ಮೊದಲು ಶುರುಮಾಡಿ.