ಹತ್ತಿರದ ಪರದೆ, ದೂರದ ಬೆಟ್ಟ

ಕನಕಪುರ ತಾಲ್ಲೂಕಿನ ಕಬ್ಬಾಳಿನಲ್ಲಿ ಎಲ್ಲಿ ನಿಂತು ತಲೆಯೆತ್ತಿದರೂ ದುರ್ಗದ ಬಂಡೆ ಕಣ್ಣಿಗೆ ಬೀಳುತ್ತದೆ. ಆದರೆ ತಲೆಯೆತ್ತುವವರು ಕಡಿಮೆಯಾಗಿದ್ದಾರೆ. ನಮ್ಮ ಚಿಕಿತ್ಸಾಲಯದಲ್ಲಿ ಸರದಿಗಾಗಿ ಕುಳಿತವರು ಮೊಬೈಲಿನಿಂದ ದೃಷ್ಟಿ ಕೀಳುವುದು ಹೆಸರು ಕೂಗಿದಾಗಲೇ. ಒಳಗೆ ಬಂದು ಹೇಳುವುದೂ ಒಂದೇ ಮಾತು: "ಕಣ್ಣುರಿ ಡಾಕ್ಟ್ರೇ, ಮರಳು ಬಿದ್ದಂಗೆ ಆಯ್ತದೆ."

ನಾವು ವ್ಯಾಸಂಗ ಮಾಡುತ್ತಿದ್ದಾಗ ಹಳ್ಳಿಗಳಲ್ಲಿ ನೇತ್ರರೋಗವೆಂದರೆ ಮುಖ್ಯವಾಗಿ ಪೊರೆ. ಡಾ. ಎಂ. ಸಿ. ಮೋದಿಯವರು ಶಿಬಿರಗಳಲ್ಲಿ ಒಂದೇ ದಿನ ನೂರಾರು ಮಂದಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಕಾಲವದು. ಇಂದಿನ ಉರಿಯ ಬಗೆ ಬೇರೆ. ಮನುಷ್ಯನು ಸಾಮಾನ್ಯವಾಗಿ ನಿಮಿಷಕ್ಕೆ 15 ಬಾರಿಯಷ್ಟು ರೆಪ್ಪೆ ಬಡಿಯುತ್ತಾನೆ. ಪರದೆಯನ್ನು ದಿಟ್ಟಿಸುವಾಗ ಅದು 5-7ಕ್ಕೆ ಇಳಿಯುತ್ತದೆ. ರೆಪ್ಪೆ ಬಡಿಯದಿದ್ದರೆ ಕಣ್ಣೀರಿನ ತೆಳುಪದರ ಆರಿಹೋಗುತ್ತದೆ. ಫ್ಯಾನಿನ ಗಾಳಿ ಮುಖಕ್ಕೆ ನೇರವಾಗಿ ಬೀಸುತ್ತಿದ್ದರೆ ಇನ್ನೂ ಬೇಗ. ಜೊತೆಗೆ, ಸಮೀಪದ ಅಕ್ಷರಕ್ಕಾಗಿ ಕಣ್ಣೊಳಗಿನ ಸಣ್ಣ ಸ್ನಾಯು ಸದಾ ಬಿಗಿದಿರುತ್ತದೆ. ಸುಶ್ರುತಸಂಹಿತೆಯ ಉತ್ತರತಂತ್ರ 76 ನೇತ್ರರೋಗಗಳನ್ನು ಹೇಳುತ್ತದೆ. ಅವುಗಳಲ್ಲಿ ಶುಷ್ಕಾಕ್ಷಿಪಾಕದ ಲಕ್ಷಣಗಳು ಈ ಒಣಗಣ್ಣನ್ನು ಬಹಳ ಹೋಲುತ್ತವೆ.

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಈಗ ಹರಾಜು ಕೂಗುವುದಿಲ್ಲ, ಮೊಬೈಲಿನಲ್ಲೇ ಬೆಲೆ ಒತ್ತುತ್ತಾರೆ. ಅಲ್ಲಿಯ ರೀಲರೊಬ್ಬರು, ವಯಸ್ಸು ನಲವತ್ತೈದರ ಆಸುಪಾಸು, ಪರದೆಯನ್ನು ಗೇಣುದೂರದಲ್ಲಿ ಹಿಡಿದು ಅಂಕಿ ನೋಡಿ ನೋಡಿ ಕಣ್ಣು ಕೆಂಪಾಗಿಸಿಕೊಂಡು ಬಂದರು. ಯಾರೋ ಹೇಳಿದರೆಂದು ಜೇನುತುಪ್ಪವನ್ನೂ ಹಚ್ಚಿಕೊಂಡಿದ್ದರು. ಅವರಿಗೆ ಬಂದಿದ್ದುದು ಚಾಳೀಸು. ಕನ್ನಡಕ ಧರಿಸಿ, ಅಕ್ಷರವನ್ನು ದೊಡ್ಡದು ಮಾಡಿಕೊಂಡ ಮೇಲೆ ಅರ್ಧ ಬಾಧೆ ಹೋಯಿತು. ಜೇನು, ಹರಳೆಣ್ಣೆ, ಮನೆಯಲ್ಲಿ ಕುದಿಸಿದ ತ್ರಿಫಲಾ ಕಷಾಯ, ಇವು ಯಾವುವನ್ನೂ ಕಣ್ಣಿಗೆ ಬಿಡಬೇಡಿರಿ. ನಾವು ಆಯುರ್ವೇದದವರಾಗಿಯೇ ಈ ಮಾತು ಹೇಳುತ್ತಿದ್ದೇವೆ: ಅವು ಶುದ್ಧವಲ್ಲ, ಸೋಂಕು ತಗುಲಿದರೆ ದೃಷ್ಟಿಗೇ ಕುತ್ತು. ತುಪ್ಪದ ತರ್ಪಣ ಒಳ್ಳೆಯ ಚಿಕಿತ್ಸೆ, ಆದರೆ ವೈದ್ಯರ ಕೈಯಲ್ಲಿ ಮಾತ್ರ.

ಇನ್ನು ನಮ್ಮಿಂದಲೇ ಆದ ತಪ್ಪೊಂದನ್ನು ಹೇಳಬೇಕು. 2020ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಮೊಬೈಲಿಗೆ ಬಂದಾಗ, ತಾಯಿಯೊಬ್ಬರು ಎಂಟು ವರ್ಷದ ಮಗನನ್ನು ಕರೆತಂದರು. ಹುಡುಗ ಪರದೆಯನ್ನು ಮುಖಕ್ಕೆ ಒತ್ತಿಕೊಂಡು, ತಲೆಯನ್ನು ಓರೆ ಮಾಡಿ ನೋಡುತ್ತಿದ್ದ. ಎಲ್ಲರಂತೆ ನಾವೂ ಮೊಬೈಲನ್ನೇ ದೂರಿ, ತ್ರಿಫಲಾಘೃತ ಕೊಟ್ಟು ಮೂರು ತಿಂಗಳು ಕಳೆದೆವು. ಕೊನೆಗೆ ನೇತ್ರತಜ್ಞರು ನೋಡಿದಾಗ ತಿಳಿದದ್ದು, ಅವನ ಎಡಗಣ್ಣು ಮೊದಲಿನಿಂದಲೂ ಮಂದವಾಗಿತ್ತು. ಸೋಮಾರಿ ಕಣ್ಣು ಎನ್ನುತ್ತಾರಲ್ಲ, ಅದು. ವಯಸ್ಸು ಏರಿದಷ್ಟೂ ಅದನ್ನು ಸರಿಪಡಿಸುವುದು ಕಷ್ಟ. ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಮಾಡಿದ ಚಿಕಿತ್ಸೆಯಿಂದ ಸಾಕಷ್ಟು ದೃಷ್ಟಿ ಬಂತು, ಪೂರ್ತಿ ಬರಲಿಲ್ಲ. ಆ ಮೂರು ತಿಂಗಳು ನಮ್ಮ ಲೆಕ್ಕದಲ್ಲಿಯೇ ಇದೆ. ಅಂದಿನಿಂದ ಮಕ್ಕಳು ಬಂದರೆ ಒಂದೊಂದೇ ಕಣ್ಣು ಮುಚ್ಚಿಸಿ ಗೋಡೆಯ ಕ್ಯಾಲೆಂಡರನ್ನು ಓದಿಸದೆ ಔಷಧಿ ಬರೆಯುವುದಿಲ್ಲ. ಇದನ್ನು ತಾಯಂದಿರು ಮನೆಯಲ್ಲೇ ಮಾಡಬಹುದು. ಎರಡು ಕಣ್ಣುಗಳಲ್ಲಿ ವ್ಯತ್ಯಾಸ ಕಂಡರೆ ತಡಮಾಡಬಾರದು.

ಉಳಿದವರಿಗೆ ಉಪಾಯ ಸುಲಭ, ಪಾಲಿಸುವುದಷ್ಟೇ ಕಷ್ಟ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿಗಿಂತ ದೂರದ ವಸ್ತುವನ್ನು 20 ಸೆಕೆಂಡು ನೋಡಿ, ಪೂರ್ಣವಾಗಿ ರೆಪ್ಪೆ ಮುಚ್ಚಿ ತೆರೆಯಿರಿ. ಕಬ್ಬಾಳಿನವರಿಗೆ ಅಡಿ ಅಳೆಯುವ ಗೋಜಿಲ್ಲ, ಬೆಟ್ಟವಿದೆ. ಕಂಪ್ಯೂಟರು ಒಂದು ತೋಳಿನಷ್ಟು ದೂರದಲ್ಲಿ, ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಲಿ. ಕತ್ತಲೆಯಲ್ಲಿ ಮೊಬೈಲು ನೋಡುವುದು ಬೇಡ. ಮಕ್ಕಳು ದಿನಕ್ಕೆ ಎರಡು ಗಂಟೆಯಾದರೂ ಬಯಲಿನ ಬೆಳಕಿನಲ್ಲಿ ಆಡಲಿ; ಸಮೀಪದೃಷ್ಟಿದೋಷ ಬರುವುದನ್ನು ಅದು ಕಡಿಮೆ ಮಾಡುತ್ತದೆ. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ಹಣ ಸುರಿಯಬೇಕಿಲ್ಲ. ಅದು ಕಣ್ಣಿನ ದಣಿವನ್ನು ತಗ್ಗಿಸುವುದಿಲ್ಲವೆಂದು 2023ರ ಕೊಕ್ರೇನ್ ವಿಮರ್ಶೆಯಲ್ಲಿ ಕಂಡುಬಂದಿದೆ. ಮಲಗುವ ಮುನ್ನ ಅಂಗಾಲಿಗೆ ಎಳ್ಳೆಣ್ಣೆ ತಿಕ್ಕುವುದು ಕಣ್ಣಿಗೆ ಹಿತವೆಂದು ನಮ್ಮ ಗ್ರಂಥಗಳು ಹೇಳುತ್ತವೆ. ನಿದ್ರೆಯಂತೂ ಚೆನ್ನಾಗಿ ಬರುತ್ತದೆ, ಅಷ್ಟು ಹೊತ್ತು ಮೊಬೈಲು ಕೈಯಲ್ಲಿರುವುದಿಲ್ಲ.

ಹಠಾತ್ತನೆ ದೃಷ್ಟಿ ಮಂಜಾದರೆ, ತೀವ್ರ ನೋವಿನೊಡನೆ ಕಣ್ಣು ಕೆಂಪಾದರೆ, ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಮಿಂಚು ಹೊಡೆದಂತಾಗಿ ಪರದೆ ಎಳೆದಂತೆ ಕತ್ತಲಾದರೆ ಅದು ಮೊಬೈಲಿನ ದಣಿವಲ್ಲ. ಅಂಥವರು ನಮ್ಮಲ್ಲಿ ಸರದಿಗೆ ಕೂರುವುದು ಬೇಡ. ಹತ್ತಿರದ ನೇತ್ರತಜ್ಞರಲ್ಲಿಗೋ ಬೆಂಗಳೂರಿನ ಮಿಂಟೋ ಆಸ್ಪತ್ರೆಗೋ ಅಂದೇ ಹೊರಡಿರಿ.