ಮುಗಿದ ಕಥೆಗೆ ಮತ್ತೊಂದು ಮುಗಿತಾಯ

2012ರ ವಸಂತದಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿರುವ ಬಯೋವೇರ್ ಎಂಬ ವಿಡಿಯೋ ಗೇಮ್ ಕಂಪನಿಗೆ ನಾನೂರು ಕಪ್‌ಕೇಕ್ ಬಂದವು. ಕೆಲವಕ್ಕೆ ಕೆಂಪು ಕ್ರೀಮು, ಕೆಲವಕ್ಕೆ ನೀಲಿ, ಉಳಿದವಕ್ಕೆ ಹಸಿರು. ಮೇಲೆ ಎ, ಬಿ, ಸಿ ಎಂಬ ಅಕ್ಷರಗಳು. ಯಾವುದನ್ನು ಕಚ್ಚಿದರೂ ರುಚಿ ಮಾತ್ರ ಒಂದೇ, ವೆನಿಲಾ. ಕಳಿಸಿದವರು ಆ ಕಂಪನಿಯ ಅಭಿಮಾನಿಗಳೇ. ಸಿಹಿ ಹಂಚಿ ಬೈಯುವ ಇಂಥ ಉಪಾಯ ನಮ್ಮ ಮದುವೆಮನೆಯ ಬೀಗರಿಗೂ ಹೊಳೆದಿರಲಿಕ್ಕಿಲ್ಲ!

ಬೈಗುಳದ ಕಾರಣ 'ಮಾಸ್ ಎಫೆಕ್ಟ್ 3'. 2007ರಲ್ಲಿ ಶುರುವಾದ ಮೂರು ಭಾಗಗಳ ಕಥೆಯ ಕೊನೆಯ ಕಂತು ಅದು. ಮೊದಲ ಭಾಗದಲ್ಲಿ ನೀವು ಯಾರನ್ನು ಉಳಿಸಿದಿರಿ, ಯಾರ ಜೊತೆ ಜಗಳ ಆಡಿದಿರಿ ಎಂಬುದನ್ನೆಲ್ಲ ಆಟ ನೆನಪಿಟ್ಟುಕೊಂಡು ಮುಂದಿನ ಭಾಗಕ್ಕೆ ಒಯ್ಯುತ್ತಿತ್ತು. ಹಾಗಾಗಿ ಕಥಾನಾಯಕ ಕಮಾಂಡರ್ ಶೆಪರ್ಡ್ ಪ್ರತಿಯೊಬ್ಬ ಆಟಗಾರನಿಗೂ ತನ್ನದೇ ಮನುಷ್ಯ. ಅಂತ್ಯವು ಎ, ಬಿ, ಸಿಗಳಲ್ಲಿ ಒಂದನ್ನು ಆರಿಸಿಕೊಳ್ಳುವಂಥದ್ದಲ್ಲ ಎಂದು ಬಿಡುಗಡೆಗೆ ಮುಂಚೆ ನಿರ್ದೇಶಕರು ಹೇಳಿಕೊಂಡೂ ಇದ್ದರು. ಐದು ವರ್ಷ ಆಡಿ ಕೊನೆ ಮುಟ್ಟಿದವರಿಗೆ ಕಂಡದ್ದು ಮೂರು ದಾರಿ. ಯಾವುದನ್ನು ಹಿಡಿದರೂ ಹೆಚ್ಚುಕಡಿಮೆ ಅದೇ ದೃಶ್ಯ. ಸ್ಫೋಟದ ಬಣ್ಣ ಕೆಂಪೋ ನೀಲಿಯೋ ಹಸಿರೋ, ಅಷ್ಟೇ. ಕಪ್‌ಕೇಕಿನ ಲೆಕ್ಕಾಚಾರ ಈಗ ತಿಳಿಯಿತಲ್ಲ.

ಕಂಪನಿ ತಿನಿಸನ್ನು ಊರಿನ ಒಂದು ಯುವಜನ ಆಶ್ರಯಧಾಮಕ್ಕೆ ಕೊಟ್ಟಿತು. ದೂರನ್ನು ಮಾತ್ರ ಹಾಗೆ ದಾಟಿಸಲು ಬರುವಂತಿರಲಿಲ್ಲ. ಮಾರ್ಚ್ ಮುಗಿಯುವುದರೊಳಗೆ ಸಂಸ್ಥಾಪಕರಲ್ಲೊಬ್ಬರಾದ ರೇ ಮುಜಿಕಾ ಬಹಿರಂಗ ಪತ್ರ ಬರೆದರು. ಜೂನ್ 26ಕ್ಕೆ 'ಎಕ್ಸ್‌ಟೆಂಡೆಡ್ ಕಟ್' ಎಂಬ ಉಚಿತ ಸೇರ್ಪಡೆ ಬಂತು. ಅಭಿಮಾನಿಗಳು ಕೇಳಿದ್ದು ಬೇರೆ ಅಂತ್ಯ. ಸಿಕ್ಕಿದ್ದು ಅದೇ ಅಂತ್ಯದ ಉದ್ದನೆಯ ಆವೃತ್ತಿ. ಯುದ್ಧದ ನಂತರ ಯಾವ ಗ್ರಹ ಏನಾಯಿತು, ಜೊತೆಗಾರರ ಬದುಕು ಎಲ್ಲಿ ಮುಟ್ಟಿತು ಎಂದು ಸಮಾಧಾನವಾಗಿ ಹೇಳುವ ದೃಶ್ಯಗಳು ಸೇರಿದವು. ಮೂರು ಬಣ್ಣಗಳು ಹಾಗೇ ಉಳಿದವು.

ಒಂದು ಹೊಸ ದಾರಿಯೂ ಸೇರಿತು. ಮೂರೂ ಬೇಡ ಎನ್ನಬಹುದು, ಇಲ್ಲವೇ ಕೊನೆಯಲ್ಲಿ ಈ ಆಯ್ಕೆಗಳನ್ನು ಮುಂದಿಡುವ, ಬೆಳಕಿನ ರೂಪದ ಹುಡುಗನೊಬ್ಬನಿಗೇ ಗುಂಡು ಹಾರಿಸಬಹುದು. ಆಗ ಅವನ ಎಳೆಯ ದನಿ ಥಟ್ಟನೆ ಗಡುಸಾಗುತ್ತದೆ, ಸರಿ ಹಾಗೇ ಆಗಲಿ ಎಂದು ಹೊರಟುಹೋಗುತ್ತಾನೆ. ಅಲ್ಲಿಗೆ ಶೆಪರ್ಡ್ ಕಟ್ಟಿದ ಸೈನ್ಯವೆಲ್ಲ ಮಣ್ಣುಪಾಲು. ನನಗಂತೂ ಇದು ಕ್ಷಮಾಪಣೆಯ ನಡುವೆ ಮೆಲ್ಲಗೆ ಚಿವುಟಿದ ಹಾಗೆ ಕಾಣುತ್ತದೆ.

ಗೇಮ್ ಆದ್ದರಿಂದ ಫೈಲು ಇಳಿಸಿಕೊಂಡರೆ ಕಥೆ ಉದ್ದವಾಗುತ್ತದೆ. ಅಚ್ಚಾದ ಕಥೆಗೆ ಆ ಅನುಕೂಲವಿಲ್ಲ. ಅಲ್ಲಿ ಬಿರುಕು ಹುಡುಕಬೇಕು. 1893ರ ಡಿಸೆಂಬರಿನಲ್ಲಿ 'ಸ್ಟ್ರಾಂಡ್' ಪತ್ರಿಕೆಯಲ್ಲಿ ಆರ್ಥರ್ ಕಾನನ್ ಡಾಯ್ಲ್ ಅವರು ಷರ್ಲಾಕ್ ಹೋಮ್ಸ್‌ನನ್ನು ಸ್ವಿಟ್ಜರ್ಲೆಂಡಿನ ರೈಕನ್‌ಬಾಖ್ ಜಲಪಾತಕ್ಕೆ ಕೆಡವಿದರು. ಓದುಗರು ಸಿಟ್ಟಾದರು. ಒಬ್ಬ ಹೆಂಗಸು ಕಾಗದದ ಶುರುವಿನಲ್ಲೇ ತಮ್ಮನ್ನು ಮೃಗವೆಂದು ಕರೆದಿದ್ದನ್ನು ಡಾಯ್ಲ್ ಆತ್ಮಕಥೆಯಲ್ಲಿ ನೆನೆಯುತ್ತಾರೆ. ಲಂಡನ್ನಿನ ಯುವಕರು ಕಪ್ಪು ಪಟ್ಟಿ ಕಟ್ಟಿಕೊಂಡು ಓಡಾಡಿದರೆಂಬ ಮಾತು ಮಾತ್ರ ಆಮೇಲೆ ಹುಟ್ಟಿದ ದಂತಕಥೆಯಂತಿದೆ.

ಆ ಕಥೆಯನ್ನು ಈಗ ತೆರೆದು ನೋಡಿ. ಹೋಮ್ಸ್‌ನ ಗೆಳೆಯ ವಾಟ್ಸನ್ ಜಲಪಾತದ ಬಳಿ ಬಂದಾಗ ಯಾರೂ ಇಲ್ಲ. ಒದ್ದೆ ಮಣ್ಣಿನಲ್ಲಿ ಹೋಮ್ಸ್‌ನದೂ ಅವನ ಶತ್ರುವಿನದೂ ಎರಡು ಸಾಲು ಹೆಜ್ಜೆಗುರುತು ಮುಂದಕ್ಕೆ ಹೋಗಿವೆ, ಹಿಂದಕ್ಕೆ ಒಂದೂ ಬಂದಿಲ್ಲ. ಹೆಣ ಸಿಕ್ಕಿಲ್ಲ, ಬಿದ್ದದ್ದನ್ನು ವಾಟ್ಸನ್ ಕಣ್ಣಾರೆ ಕಂಡೂ ಇಲ್ಲ. ಹತ್ತು ವರ್ಷದ ನಂತರ ಡಾಯ್ಲ್ ಕೈಹಾಕಿದ್ದು ಈ ಸಂದಿಗೇ. ಹೋಮ್ಸ್ ಬಿದ್ದಿರಲೇ ಇಲ್ಲ, ಬಂಡೆ ಹತ್ತಿ ತಪ್ಪಿಸಿಕೊಂಡಿದ್ದ! 1893ರ ಕಥೆಯ ಒಂದಕ್ಷರವನ್ನೂ ತಿದ್ದದೆ ಅದರ ಅರ್ಥವನ್ನು ಬುಡಮೇಲು ಮಾಡಿದ ಕೆಲಸ ಇದು. ಡಾಯ್ಲ್ ಓದುಗರ ಕಣ್ಣೀರಿಗೆ ಕರಗಿದರು ಎಂದುಕೊಂಡರೆ ತಪ್ಪು. 1901ರಲ್ಲಿ ಮತ್ತೆ ಹೋಮ್ಸ್ ಕಥೆ ಬರೆದಾಗಲೂ ಅದನ್ನು ಸಾವಿಗೆ ಮುಂಚಿನದೆಂದು ಇಟ್ಟರೇ ವಿನಾ ಬದುಕಿಸಲಿಲ್ಲ. 1903ರಲ್ಲಿ ಬದುಕಿಸಿದ್ದರ ಹಿಂದೆ ಅಮೆರಿಕದ ಪ್ರಕಾಶಕರ ದೊಡ್ಡ ಮೊತ್ತವಿತ್ತು.

ಎಲ್ಲರೂ ಹೀಗೆ ನಯವಾಗಿ ನಡೆದುಕೊಳ್ಳುವುದಿಲ್ಲ. ಜಪಾನಿನ 'ಇವ್ಯಾಂಜೆಲಿಯನ್' ಸರಣಿ 1996ರಲ್ಲಿ ಮುಗಿದಾಗ ಹುಡುಗನೊಬ್ಬನ ಮನಸ್ಸಿನೊಳಗೇ ಸುತ್ತುವ ಕೊನೆಯ ಎರಡು ಕಂತು ನೋಡಿ ಹಲವರು ಕೆರಳಿದರು. ಮರುವರ್ಷ ನಿರ್ದೇಶಕ ಹಿದೆಯಾಕಿ ಆನ್ನೊ ಸಿನಿಮಾ ಮಾಡಿ ಇನ್ನೊಂದು ಅಂತ್ಯ ಕೊಟ್ಟರು. ಅದು ಮೊದಲಿನದಕ್ಕಿಂತ ಭೀಕರ. ತಮಗೆ ಬಂದ ಬೈಗುಳದ ಪತ್ರಗಳನ್ನೂ ಪರದೆಯ ಮೇಲೆ ಕ್ಷಣಕಾಲ ಹಾಯಿಸಿದರು. 'ಗೇಮ್ ಆಫ್ ಥ್ರೋನ್ಸ್' ಕೊನೆಯ ಸೀಸನ್ನನ್ನು ಮತ್ತೆ ಮಾಡಿ ಎಂಬ 2019ರ ಮನವಿಗೆ ಹತ್ತು ಲಕ್ಷಕ್ಕೂ ಮಿಕ್ಕಿ ಸಹಿ ಬಿದ್ದರೂ ಎಚ್‌ಬಿಒ ಕದಲಲಿಲ್ಲ.

ಕದಲುವ ಅಂಚಿಗೆ ಬಂದು ನಿಂತ ಪ್ರಸಂಗವೊಂದು ನಮ್ಮ ರಾಮನಗರದ ಬಂಡೆಗಳಿಗೆ ಸೇರಿದ್ದು. ಅಲ್ಲಿ ಚಿತ್ರೀಕರಿಸಿ 1975ರ ಆಗಸ್ಟ್ 15ಕ್ಕೆ ತೆರೆಕಂಡ 'ಶೋಲೆ'ಗೆ ಮೊದಲ ದಿನಗಳಲ್ಲಿ ಪ್ರತಿಕ್ರಿಯೆ ತಣ್ಣಗಿತ್ತು. ನಾಯಕರಲ್ಲೊಬ್ಬನಾದ ಜಯ್ ಕೊನೆಗೆ ಸಾಯಬಾರದಿತ್ತೇನೋ ಎಂಬ ಅಳುಕು ಹುಟ್ಟಿತು. ಅಮಿತಾಭ್ ಬಚ್ಚನ್ ಮನೆಯಲ್ಲಿ ಕೂತು, ಅವನನ್ನು ಬದುಕಿಸಿ ಕೊನೆಯನ್ನು ಮತ್ತೆ ಚಿತ್ರೀಕರಿಸುವ ಮಾತಾಡಿದರು. ಸೋಮವಾರದವರೆಗೆ ನೋಡೋಣ ಅಂದರು ನಿರ್ದೇಶಕ ರಮೇಶ್ ಸಿಪ್ಪಿ. ಸೋಮವಾರ ಕಳೆಯಿತು, ಜಯ್ ಸತ್ತೇ ಉಳಿದ. ಅದೇ ಚಿತ್ರದಲ್ಲಿ ಠಾಕೂರ್ ಮೊಳೆ ಬಡಿದ ಬೂಟುಗಾಲಲ್ಲಿ ಡಕಾಯಿತ ಗಬ್ಬರನನ್ನು ಕೊಲ್ಲುವ ಅಂತ್ಯವನ್ನು ಮಾತ್ರ, ಒಬ್ಬ ಪ್ರೇಕ್ಷಕನೂ ನೋಡುವ ಮೊದಲೇ, ಸೆನ್ಸಾರ್ ಮಂಡಳಿ ಬದಲಿಸಿ ಪೊಲೀಸರನ್ನು ಕರೆಸಿಯಾಗಿತ್ತು.