ನ್ಯಾನೊಕೊಳವೆ ಬೆರೆತ ಪ್ಲಾಸ್ಟಿಕ್: ಬೆರಕೆಯ ಹದವೇ ನಿರ್ಣಾಯಕ

ಪ್ಲಾಸ್ಟಿಕ್ಕಿಗೆ ಗಾಜಿನ ನಾರು ಅಥವಾ ಟಾಲ್ಕ್ ಬೆರೆಸಿ ಬಲಪಡಿಸುವುದು ಉದ್ಯಮದಲ್ಲಿ ರೂಢಿಯಾಗಿರುವ ಪದ್ಧತಿ. ಶೇ. 20 ಅಥವಾ 30ರಷ್ಟು ಬೆರಕೆ ಇಲ್ಲಿ ಸಾಮಾನ್ಯ. ಕಾರ್ಬನ್ ನ್ಯಾನೊಕೊಳವೆಗಳಾದರೋ ಶೇ. 1ರಿಂದ 5ರಷ್ಟಿದ್ದರೂ ಪಾಲಿಮರಿನ ಗುಣವನ್ನು ಬದಲಿಸಬಲ್ಲವು. ಆದರೆ ಈ ದುಬಾರಿ ವಸ್ತುವಿಗೆ ತೆತ್ತ ಹಣ ಸಾರ್ಥಕವಾಗುವುದು ಬೆರಕೆ ಸರಿಯಾದಾಗ ಮಾತ್ರ.

1991ರಲ್ಲಿ ಜಪಾನಿನ ವಿಜ್ಞಾನಿ ಸುಮಿಯೊ ಇಜಿಮಾ ಅವರು ಪ್ರಕಟಿಸಿದ ಪ್ರಬಂಧದಿಂದ ಈ ಕೊಳವೆಗಳು ಜಗತ್ತಿನ ಗಮನ ಸೆಳೆದವು. ಮಾರುಕಟ್ಟೆಯಲ್ಲಿ ದೊರೆಯುವ ಬಹುಪದರ ಕೊಳವೆಯ ವ್ಯಾಸ ಸುಮಾರು 10 ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಲಕ್ಷದಲ್ಲಿ ಒಂದು ಭಾಗ. ದೋಷರಹಿತ ಕೊಳವೆಯ ಬಿಗಿತ ಉಕ್ಕಿನ ಐದು ಪಟ್ಟಿನಷ್ಟು.

ಹರಿವಿನ ಸ್ವಭಾವ

ಕರಗಿದ ಪಾಲಿಮರಿನಲ್ಲಿ ಕೊಳವೆಗಳು ಪರಸ್ಪರ ಹೆಣೆದುಕೊಂಡು ಬಲೆಯಂತಾಗುತ್ತವೆ. ಪಾಲಿಕಾರ್ಬೊನೇಟಿನಲ್ಲಿ ಶೇ. 1 ಮತ್ತು 2ರ ನಡುವೆಯೇ ಇಂತಹ ಬಲೆ ರೂಪುಗೊಂಡದ್ದು ಪ್ರಯೋಗಗಳಲ್ಲಿ ಕಂಡುಬಂದಿದೆ. ಆಗ ನಿಧಾನಗತಿಯ ಹರಿವಿನಲ್ಲಿ ಸ್ನಿಗ್ಧತೆ ಬಹಳವಾಗಿ ಏರುತ್ತದೆ. ಗಟ್ಟಿ ಪೇಂಟು ಕದಡಿದಾಗ ತೆಳುವಾಗುವಂತೆ, ಇಂಜೆಕ್ಷನ್ ಮೋಲ್ಡಿಂಗಿನ ವೇಗದ ಹರಿವಿನಲ್ಲಿ ಬಲೆ ಸಡಿಲಗೊಂಡು ಸ್ನಿಗ್ಧತೆ ಇಳಿಯುತ್ತದೆ. ಅಚ್ಚು ಹಾಕಲು ಸಾಧ್ಯವಾಗುವುದು ಇದರಿಂದಲೇ. ಆದರೂ ತೆಳು ಗೋಡೆಯ ಅಚ್ಚುಗಳು ಪೂರ್ತಿ ತುಂಬದಿರುವ ಸಂಭವವುಂಟು.

ವಿದ್ಯುತ್ ಹರಿಯುವುದೂ ಇದೇ ಬಲೆಯ ಮೂಲಕ. ಅತಿವೇಗದಿಂದ ಅಚ್ಚು ತುಂಬಿಸಿದರೆ ಕೊಳವೆಗಳು ಒಂದೇ ದಿಕ್ಕಿಗೆ ಸಾಲುಗೊಂಡು ಮೇಲ್ಮೈಯಲ್ಲಿ ವಾಹಕತೆ ಕುಗ್ಗುತ್ತದೆ. ಕರಗಿದ ದ್ರವ್ಯದ ಉಷ್ಣತೆಯನ್ನು ತುಸು ಹೆಚ್ಚಿಸಿ, ವೇಗವನ್ನು ತಗ್ಗಿಸುವುದು ಇದಕ್ಕೆ ಪರಿಹಾರ.

ಬಲ ಮತ್ತು ಮಿತಿ

ಕೊಳವೆಗಳು ಚೆನ್ನಾಗಿ ಚದುರಿದಾಗ ಬಿಗಿತ ಹೆಚ್ಚುತ್ತದೆ. ಗಂಟುಕಟ್ಟಿ ಉಳಿದರೆ ಆ ಗಂಟುಗಳಿಂದಲೇ ಬಿರುಕು ಆರಂಭವಾಗುತ್ತದೆ. ಬಿಗಿತ ಹೆಚ್ಚಿದಂತೆ, ಮುರಿಯುವ ಮುನ್ನ ಹಿಗ್ಗುವ ಗುಣವು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಆದುದರಿಂದ ಕೇವಲ ಬಲವೇ ಬೇಕಾದಲ್ಲಿ ಗಾಜಿನ ನಾರೇ ಮಿತವ್ಯಯದ ದಾರಿ. ವಾಹನಗಳ ಇಂಧನ ಕೊಳವೆ, ಎಲೆಕ್ಟ್ರಾನಿಕ್ ಬಿಡಿಭಾಗಗಳ ಟ್ರೇ ಮುಂತಾದ, ಸ್ಥಿರವಿದ್ಯುತ್ತನ್ನು ನಿವಾರಿಸಲೇಬೇಕಾದ ವಸ್ತುಗಳಲ್ಲಿ ನ್ಯಾನೊಕೊಳವೆಗಳು ಲಾಭಕರ. ಅದೇ ಕೆಲಸಕ್ಕೆ ಕಾರ್ಬನ್ ಬ್ಲ್ಯಾಕ್ ಹಲವು ಪಟ್ಟು ಹೆಚ್ಚು ಬೇಕಾಗುತ್ತದೆ.

ಎಚ್ಚರಿಕೆ

ಪುಡಿರೂಪದ ಕೊಳವೆಗಳು ಉಸಿರಿನೊಡನೆ ಶ್ವಾಸಕೋಶ ಸೇರುವ ಅಪಾಯವಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2014ರಲ್ಲಿ ಬಹುಪದರ ಕೊಳವೆಯ ಒಂದು ಬಗೆಯನ್ನು ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಳ್ಳ ವಸ್ತುಗಳ ಪಟ್ಟಿಗೆ ಸೇರಿಸಿತು. ಸಣ್ಣ ಘಟಕಗಳು ಪುಡಿಗೆ ಬದಲಾಗಿ, ಕೊಳವೆಗಳನ್ನು ಮೊದಲೇ ಬೆರೆಸಿದ ಮಾಸ್ಟರ್‌ಬ್ಯಾಚ್ ಹರಳುಗಳನ್ನು ಕೊಳ್ಳುವುದು ಕ್ಷೇಮಕರ. ಬೆರಕೆಯ ಕೆಲಸವೂ ಸುಲಭವಾಗುತ್ತದೆ.

ಖರೀದಿಗೆ ಮುನ್ನ ಬೆರಕೆಯ ಶೇಕಡಾ ಪ್ರಮಾಣವನ್ನಷ್ಟೇ ವಿಚಾರಿಸಿದರೆ ಸಾಲದು. ಸ್ವಂತ ಅಚ್ಚಿನಲ್ಲಿ ಮಾದರಿಗಳನ್ನು ತೆಗೆದು ಆಘಾತ ಸಹನೆ, ಹಿಗ್ಗುವಿಕೆ ಹಾಗೂ ಮೇಲ್ಮೈ ವಿದ್ಯುತ್ ರೋಧವನ್ನು ಪರೀಕ್ಷಿಸಿದ ನಂತರವೇ ದೊಡ್ಡ ಆರ್ಡರ್ ನೀಡುವುದು ವಿವೇಕ.